ರೋಗಿಯ ಮಂಚದ ಪಕ್ಕದ ಮೇಷ್ಟ್ರು

ಕೆನಡಾದ ಡಂಡಾಸ್ ಎಂಬ ಸಣ್ಣ ಊರು. ಅಲ್ಲಿನ ಗ್ರಾಮರ್ ಶಾಲೆಯಲ್ಲಿ ಒಂದು ಬೆಳಿಗ್ಗೆ ತರಗತಿಯ ಬಾಗಿಲು ತೆಗೆದು ನೋಡಿದರೆ ಒಳಗೆ ಹೆಬ್ಬಾತುಗಳ ಹಿಂಡು! ಇನ್ನೊಂದು ದಿನ ಕೋಣೆಯಲ್ಲಿ ಕೂರಲು ಬೆಂಚುಗಳೇ ಇಲ್ಲ. ಯಾರೋ ತಿರುಪು ಬಿಚ್ಚಿ ಎಲ್ಲವನ್ನೂ ಅಟ್ಟಕ್ಕೆ ಸಾಗಿಸಿಬಿಟ್ಟಿದ್ದರು. ಯಾರೋ ಏನು, ಊರಿನ ಪಾದ್ರಿಗಳ ಕಿರಿಯ ಮಗ ವಿಲ್ಲಿ ಮತ್ತು ಅವನ ಗೆಳೆಯರೇ ಎಂಬುದು ಎಲ್ಲರಿಗೂ ಗೊತ್ತಿತ್ತು. ಕೊನೆಗೊಂದು ದಿನ ಬೀಗದ ಕಿಂಡಿಯಿಂದ ಮೇಷ್ಟ್ರಿಗೆ ಬೈಗುಳ ಕೂಗಿದ್ದಕ್ಕಾಗಿ ಹುಡುಗನನ್ನು ಶಾಲೆಯಿಂದಲೇ ಹೊರಹಾಕಲಾಯಿತು. ಆಗ 1864ನೇ ಇಸವಿ. ಅವನಿಗೆ ಹದಿನೈದು ವರ್ಷ.

ಆ ಸಂಜೆ ಪಾದ್ರಿಗಳ ಮನೆ ಹೇಗಿದ್ದಿರಬಹುದು ಎಂಬುದನ್ನು ಹೈಸ್ಕೂಲಿನ ಮಗ ಇರುವ ಯಾವ ತಂದೆತಾಯಿಗೂ ವಿವರಿಸಬೇಕಿಲ್ಲ. ಈ ವಿಲ್ಲಿಯೇ ಮುಂದೆ ಸರ್ ವಿಲಿಯಂ ಆಸ್ಲರ್ ಆದ. ನಾಲ್ಕು ವಿಶ್ವವಿದ್ಯಾಲಯಗಳಲ್ಲಿ ಪ್ರೊಫೆಸರ್, ಮೂವತ್ತು ವರ್ಷ ವೈದ್ಯ ವಿದ್ಯಾರ್ಥಿಗಳ ಕೈಗಳಲ್ಲಿದ್ದ ಪಠ್ಯಪುಸ್ತಕದ ಕರ್ತೃ, ಅಮೆರಿಕದ ವೈದ್ಯಶಿಕ್ಷಣದ ದಿಕ್ಕನ್ನೇ ತಿರುಗಿಸಿದ ಗುರು. ಇಂದಿಗೂ ಹುಬ್ಬಳ್ಳಿಯಲ್ಲಿರಲಿ ಮೈಸೂರಿನಲ್ಲಿರಲಿ, ಎಂಬಿಬಿಎಸ್ ಓದುವವರು ಹೃದಯದ ಕವಾಟಗಳ ಸೋಂಕಿನ ಪಾಠಕ್ಕೆ ಬಂದಾಗ 'ಆಸ್ಲರ್ಸ್ ನೋಡ್' ಎಂಬ ಹೆಸರನ್ನು ಬಾಯಿಪಾಠ ಮಾಡುತ್ತಾರೆ. ಆ ಸೋಂಕಿನಲ್ಲಿ ಬೆರಳ ತುದಿಯಲ್ಲಿ ಏಳುವ, ಮುಟ್ಟಿದರೆ ನೋಯುವ ಪುಟ್ಟ ಗಂಟು ಅದು. ಹೆಸರು ಗೊತ್ತು, ಮನುಷ್ಯ ಯಾರೆಂದು ಬಹುಪಾಲು ಮಂದಿಗೆ ಗೊತ್ತಿಲ್ಲ.

ಪಾದ್ರಿಯಾಗಬೇಕಿದ್ದವನು

ವಿಲಿಯಂ ಆಸ್ಲರ್ ಹುಟ್ಟಿದ್ದು 1849ರ ಜುಲೈ 12ರಂದು, ಬಾಂಡ್ ಹೆಡ್ ಎಂಬ ಕಾಡಂಚಿನ ಹಳ್ಳಿಯಲ್ಲಿ. ತಂದೆ ಫೆದರ್‌ಸ್ಟೋನ್ ಆಸ್ಲರ್ ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರದೇಶದಿಂದ ಬಂದ ಆಂಗ್ಲಿಕನ್ ಪಾದ್ರಿ, ತಾಯಿ ಎಲೆನ್. ಮಕ್ಕಳೊಂದಿಗರ ದೊಡ್ಡ ಸಂಸಾರ. ಅಣ್ಣಂದಿರಲ್ಲಿ ಒಬ್ಬ ನ್ಯಾಯಾಧೀಶನಾದ, ಒಬ್ಬ ಹೆಸರಾಂತ ವಕೀಲನಾದ, ಮತ್ತೊಬ್ಬ ಹಣಕಾಸಿನ ವ್ಯವಹಾರದಲ್ಲಿ ಶ್ರೀಮಂತನಾದ. ಕಿರಿಯವನಾದರೂ ತಂದೆಯ ದಾರಿ ಹಿಡಿದು ಪಾದ್ರಿಯಾಗಲಿ ಎಂಬುದು ಮನೆಯವರ ಆಸೆ.

ಡಂಡಾಸ್ ಶಾಲೆ ಬಿಟ್ಟ ಮೇಲೆ ಹುಡುಗ ಟೊರಾಂಟೊ ಬಳಿಯ ವೆಸ್ಟನ್‌ನಲ್ಲಿ ಹೊಸದಾಗಿ ತೆರೆದಿದ್ದ ಟ್ರಿನಿಟಿ ಕಾಲೇಜ್ ಸ್ಕೂಲ್ ಸೇರಿದ. ಆಟದಲ್ಲೂ ಪಾಠದಲ್ಲೂ ಮುಂದಿದ್ದುದರಿಂದ ಅಲ್ಲಿ ಅವನನ್ನೇ ವಿದ್ಯಾರ್ಥಿ ನಾಯಕನನ್ನಾಗಿ ಮಾಡಿದರು. ಕೀಟಲೆ ಮಾತ್ರ ಬಿಡಲಿಲ್ಲ. ಶಾಲೆಯ ಮನೆವಾರ್ತೆ ನೋಡಿಕೊಳ್ಳುತ್ತಿದ್ದ ಹೆಂಗಸಿನ ಮೇಲೆ ಹುಡುಗರಿಗೆ ಸಿಟ್ಟು. ಕಾಕಂಬಿ, ಮೆಣಸು, ಸಾಸಿವೆ ಬೆರೆಸಿ ಒಲೆಯ ಮೇಲೆ ಸುಟ್ಟು, ಆ ಘಾಟು ಹೊಗೆ ಆಕೆಯ ಕೋಣೆಗೆ ನುಗ್ಗುವಂತೆ ಮಾಡಿದರು. ಆಕೆ ಪೊಲೀಸರಿಗೆ ದೂರು ಕೊಟ್ಟಳು. ವಿಲ್ಲಿ ಮತ್ತವನ ಸಂಗಡಿಗರು ಕೆಲವು ದಿನ ಟೊರಾಂಟೊ ಜೈಲಿನಲ್ಲಿ ಕೂರಬೇಕಾಯಿತು. ವಕೀಲನಾಗಿದ್ದ ಅಣ್ಣನೇ ಬಂದು ಬಿಡಿಸಿದ.

ಇಂಥ ಹುಡುಗನನ್ನು ಹಿಡಿದು ನಿಲ್ಲಿಸಿದ್ದು ಬೆತ್ತವಲ್ಲ, ಒಂದು ಸೂಕ್ಷ್ಮದರ್ಶಕ. ಶಾಲೆಯ ಸ್ಥಾಪಕ ರೆವರೆಂಡ್ ಡಬ್ಲ್ಯು. ಎ. ಜಾನ್ಸನ್ ಪಾದ್ರಿಯಾಗಿದ್ದರೂ ಪ್ರಕೃತಿಯ ಹುಚ್ಚು ಹತ್ತಿಸಿಕೊಂಡವರು. ರಜೆ ಬಂತೆಂದರೆ ಹುಡುಗರನ್ನು ಕಟ್ಟಿಕೊಂಡು ಕೆರೆ, ಜೌಗು, ಕಾಡು ಸುತ್ತುತ್ತಿದ್ದರು. ಕೊಳದ ನೀರಿನ ಹನಿಯಲ್ಲಿ ಓಡಾಡುವ ಜೀವಿಗಳನ್ನು ಮಸೂರದಡಿ ತೋರಿಸುತ್ತಿದ್ದರು. ಸಂಜೆ ಸರ್ ಥಾಮಸ್ ಬ್ರೌನ್ ಎಂಬ ಹದಿನೇಳನೇ ಶತಮಾನದ ವೈದ್ಯ ಬರೆದ 'ರಿಲಿಜಿಯೊ ಮೆಡಿಸಿ'ಯನ್ನು ಗಟ್ಟಿಯಾಗಿ ಓದಿ ಹೇಳುತ್ತಿದ್ದರು. ವೈದ್ಯನೊಬ್ಬನ ಧರ್ಮಚಿಂತನೆಯ ಪುಸ್ತಕ ಅದು. 1867ರಲ್ಲಿ ಹುಡುಗ ತನ್ನ ಕೈಕಾಸಿನಿಂದ ಅದರ ಒಂದು ಪ್ರತಿ ಕೊಂಡ. ಆ ಪ್ರತಿಯ ಮಾತು ಕೊನೆಯಲ್ಲಿ ಮತ್ತೆ ಬರುತ್ತದೆ.

ಅದೇ ವರ್ಷ ಆತ ಟೊರಾಂಟೊದ ಟ್ರಿನಿಟಿ ಕಾಲೇಜಿನಲ್ಲಿ ಧರ್ಮಶಾಸ್ತ್ರದ ಓದಿಗೆ ಸೇರಿದ. ಅಲ್ಲಿ ಜೇಮ್ಸ್ ಬೋವೆಲ್ ಎಂಬ ವೈದ್ಯರ ಪರಿಚಯವಾಯಿತು. ಅವರ ಮನೆಯ ತುಂಬ ಪುಸ್ತಕ, ಸೂಕ್ಷ್ಮದರ್ಶಕ, ಹುಳುಹುಪ್ಪಟೆಗಳ ಸಂಗ್ರಹ. ಒಂದೇ ವರ್ಷ. 1868ರಲ್ಲಿ ಮಗ ಬಂದು, ತಾನು ಪಾದ್ರಿಯಾಗುವುದಿಲ್ಲ, ವೈದ್ಯನಾಗುತ್ತೇನೆ ಎಂದ. ತಂದೆಗೆ ನಿರಾಶೆಯಾಗಿರಲೇಬೇಕು, ಆದರೆ ಅಡ್ಡ ಬರಲಿಲ್ಲ. ತಮಾಷೆಯೆಂದರೆ, ಶಿಷ್ಯನನ್ನು ಚರ್ಚಿನಿಂದ ಆಸ್ಪತ್ರೆಗೆ ಎಳೆದ ಆ ಡಾಕ್ಟರ್ ಬೋವೆಲ್ ಮುಂದೆ ತಾವೇ ವೆಸ್ಟ್ ಇಂಡೀಸಿಗೆ ಹೋಗಿ ಪಾದ್ರಿಯಾಗಿಬಿಟ್ಟರು!

ಆಸ್ಲರ್ 1870ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ಪಾಮರ್ ಹೋವರ್ಡ್ ಎಂಬ ಪ್ರಾಧ್ಯಾಪಕರು ಮೂರನೆಯ ಗುರುವಾಗಿ ದೊರೆತರು. 1872ರಲ್ಲಿ ಪದವಿ ಬಂತು. ಪ್ರಬಂಧದ ಜೊತೆಗೆ ತಾನೇ ತಯಾರಿಸಿದ 33 ಮಾದರಿಗಳನ್ನು ಇಟ್ಟಿದ್ದಕ್ಕೆ ವಿಶೇಷ ಮೆಚ್ಚುಗೆಯೂ ದೊರೆಯಿತು. ಅಣ್ಣ ಎಡ್ಮಂಡ್ ಹಣ ಕೊಟ್ಟು ಯೂರೋಪಿಗೆ ಕಳಿಸಿದ. ಕಣ್ಣಿನ ತಜ್ಞನಾಗಿ ಮರಳುವುದು ಲೆಕ್ಕಾಚಾರ. ಅಷ್ಟರಲ್ಲಿ ಮಾಂಟ್ರಿಯಲ್‌ಗೆ ಬೇರೊಬ್ಬ ನುರಿತ ಕಣ್ಣಿನ ವೈದ್ಯರು ಬರುವುದು ಖಚಿತವಾಯಿತು. ಎಣಿಸಿದ ದಾರಿ ಮುಚ್ಚಿತು. ಆಸ್ಲರ್ ಲಂಡನ್ನಿನ ಪ್ರಯೋಗಾಲಯದಲ್ಲಿ ರಕ್ತವನ್ನು ನೋಡುತ್ತ ಕುಳಿತ. ರಕ್ತ ಹೆಪ್ಪುಗಟ್ಟಲು ನೆರವಾಗುವ ಪ್ಲೇಟ್‌ಲೆಟ್ ಎಂಬ ಸಣ್ಣ ಕಣಗಳ ಹೆಸರು ಡೆಂಗಿ ಜ್ವರದ ದೆಸೆಯಿಂದ ಈಗ ನಮ್ಮ ಮನೆಮನೆಗೂ ಗೊತ್ತಲ್ಲವೆ? ಅವು ಕೆಟ್ಟ ರಕ್ತದ ಚೂರುಗಳಲ್ಲ, ಜೀವಂತ ರಕ್ತನಾಳದೊಳಗೇ ಇರುತ್ತವೆ ಎಂದು ಸ್ಪಷ್ಟವಾಗಿ ಕಂಡು ಬರೆದವರಲ್ಲಿ ಈ ಇಪ್ಪತ್ತೈದರ ಯುವಕನೂ ಒಬ್ಬ.

ಸಿಡುಬಿನ ವಾರ್ಡಿನ ಸಂಬಳ

1874ರಲ್ಲಿ ಮೆಕ್‌ಗಿಲ್‌ನಿಂದ ಉಪನ್ಯಾಸಕ ಹುದ್ದೆಗೆ ಕರೆ ಬಂತು, ಮರುವರ್ಷವೇ ಪ್ರೊಫೆಸರ್. ಹುಟ್ಟಾ ಮಾತುಗಾರರೇನೂ ಅಲ್ಲ ಅವರು. ವೇದಿಕೆಯ ಮೇಲೆ ನಿಂತು ಬರೆದದ್ದನ್ನು ಓದುವ ಉಪನ್ಯಾಸ ಮೊದಮೊದಲು ಅವರಿಗೇ ದೊಡ್ಡ ಹೊರೆಯಾಗಿತ್ತು. ಕಾಲೇಜಿನಲ್ಲಿ ವಿದ್ಯಾರ್ಥಿಗಳಿಗೆ ಬೇಕಾದಷ್ಟು ಸೂಕ್ಷ್ಮದರ್ಶಕಗಳೂ ಇರಲಿಲ್ಲ. ಮಾಂಟ್ರಿಯಲ್ ಜನರಲ್ ಆಸ್ಪತ್ರೆಯ ಸಿಡುಬಿನ ವಾರ್ಡಿಗೆ ಹೋಗಲು ಯಾರೂ ಮುಂದೆ ಬರುತ್ತಿರಲಿಲ್ಲ. ಆಸ್ಲರ್ ಒಪ್ಪಿಕೊಂಡರು. ಸಿಡುಬು ತಗುಲಿತು, ಪುಣ್ಯಕ್ಕೆ ಸೌಮ್ಯವಾಗಿ ಬಂದು ಹೋಯಿತು. ಆ ವಾರ್ಡಿನ ಕೆಲಸಕ್ಕೆ ಬಂದ ಹಣದಲ್ಲಿ ತಮ್ಮ ತರಗತಿಗೆ ಸೂಕ್ಷ್ಮದರ್ಶಕಗಳನ್ನು ತರಿಸಿದರು.

ಶವಪರೀಕ್ಷೆಯ ಕೋಣೆ ಅವರ ನಿಜವಾದ ವಿಶ್ವವಿದ್ಯಾಲಯ. ಎಕ್ಸ್‌ರೇ ಇನ್ನೂ ಹುಟ್ಟಿರಲಿಲ್ಲ. ಸ್ಕ್ಯಾನ್ ಕನಸಿನಲ್ಲೂ ಇಲ್ಲ. ರೋಗಿ ಬದುಕಿದ್ದಾಗ ವೈದ್ಯ ಮಾಡಿದ ಊಹೆ ಸರಿಯೋ ತಪ್ಪೋ ಎಂದು ತಿಳಿಯಲು ಇದ್ದ ದಾರಿ ಅದೊಂದೇ. ತಮ್ಮ ವೃತ್ತಿಜೀವನದಲ್ಲಿ ಸುಮಾರು ಒಂದು ಸಾವಿರ ಶವಪರೀಕ್ಷೆಗಳನ್ನು ಅವರು ಸ್ವತಃ ಮಾಡಿ, ಕಂಡದ್ದನ್ನೆಲ್ಲ ಬರೆದಿಟ್ಟರು. ತಾವು ತಪ್ಪಿದ ಕಡೆ ತಪ್ಪಿದೆ ಎಂದು ವಿದ್ಯಾರ್ಥಿಗಳ ಮುಂದೆಯೇ ಒಪ್ಪಿಕೊಳ್ಳುತ್ತಿದ್ದರು. ಪ್ರೊಫೆಸರ್ ಎನಿಸಿಕೊಂಡವರಿಗೆ ಇದು ಇಂದಿಗೂ ಸುಲಭವಲ್ಲ.

ಆ ದಿನಗಳದೇ ಒಂದು ಕಥೆಯನ್ನು ಅವರ ಶಿಷ್ಯರು ಮತ್ತೆ ಮತ್ತೆ ಹೇಳುತ್ತಿದ್ದರು. ಮಾಂಟ್ರಿಯಲ್‌ನ ಕೊರೆಯುವ ಚಳಿಯಲ್ಲಿ ಕುಡುಕ ಮುದುಕನೊಬ್ಬ ಕೈಚಾಚಿದ. ಕುಡಿದು ಸಾಯುವುದು ನಿನ್ನಿಷ್ಟ, ಚಳಿಗೆ ಸಾಯುವುದನ್ನು ಮಾತ್ರ ನಾನು ನೋಡಲಾರೆ ಎನ್ನುತ್ತ ಆಸ್ಲರ್ ತಮ್ಮ ಮೇಲಂಗಿಯನ್ನೇ ಬಿಚ್ಚಿಕೊಟ್ಟರು. ಕೆಲ ದಿನಗಳಲ್ಲಿ ಮುದುಕ ಆಸ್ಪತ್ರೆ ಸೇರಿ ತೀರಿಕೊಂಡ. ಸಾಯುವ ಮುನ್ನ ಉಯಿಲು ಹೇಳಿದ್ದ: ಕೋಟು ಮತ್ತು ಕೆಟ್ಟುಹೋದ ನನ್ನ ಲಿವರು, ಎರಡೂ ಆಸ್ಲರ್ ಡಾಕ್ಟರಿಗೆ!

ಬೆಂಚಿನಿಂದ ಮಂಚಕ್ಕೆ

1884ರಲ್ಲಿ ಜರ್ಮನಿಯ ಲೈಪ್‌ಜಿಗ್‌ನಲ್ಲಿದ್ದಾಗ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಆಹ್ವಾನ ಕೈಸೇರಿತು. ಹೋಗುವುದೋ ಬಿಡುವುದೋ? ಆಸ್ಲರ್ ನಾಣ್ಯ ಚಿಮ್ಮಿದರು. ಫಿಲಡೆಲ್ಫಿಯಾ ಬಂತು. ಐದು ವರ್ಷ ಅಲ್ಲಿದ್ದರು. ನದಿಯಾಚೆ ವಾಸವಿದ್ದ ವೃದ್ಧ ಕವಿ ವಾಲ್ಟ್ ವಿಟ್ಮನ್ ಅವರ ರೋಗಿಗಳಲ್ಲಿ ಒಬ್ಬರು. 1889ರಲ್ಲಿ ಬಾಲ್ಟಿಮೋರ್ ನಗರದಲ್ಲಿ ಜಾನ್ಸ್ ಹಾಪ್‌ಕಿನ್ಸ್ ಆಸ್ಪತ್ರೆ ತೆರೆದಾಗ ಅದರ ಮುಖ್ಯ ವೈದ್ಯರಾಗಿ ಹೋದರು. ಅವರ ನಿಜವಾದ ಕೆಲಸ ಶುರುವಾದದ್ದು ಅಲ್ಲಿ.

ಇಲ್ಲೊಂದು ಮಾತು. ಅಮೆರಿಕದಲ್ಲಿ 'ಇಂಟರ್ನಲ್ ಮೆಡಿಸಿನ್' ಎನ್ನುವುದನ್ನು ನಮ್ಮ ಕಾಲೇಜುಗಳಲ್ಲಿ 'ಜನರಲ್ ಮೆಡಿಸಿನ್' ಎನ್ನುತ್ತಾರೆ. ಎಂಬಿಬಿಎಸ್ ನಂತರ ಮೂರು ವರ್ಷದ ಎಂ.ಡಿ. ಕತ್ತರಿ ಚಾಕು ಹಿಡಿಯದ, ದೊಡ್ಡವರ ಕಾಯಿಲೆಗಳನ್ನು ನೋಡುವ ಫಿಜಿಷಿಯನ್‌ನ ಶಾಸ್ತ್ರ ಇದು. ಜ್ವರ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದಯ, ಶ್ವಾಸಕೋಶ, ಮೂತ್ರಪಿಂಡ ಎಲ್ಲವೂ ಇದರೊಳಗೆ. ಹೃದ್ರೋಗ ತಜ್ಞನಾಗಲು ಹೊರಟವನೂ ಸಾಮಾನ್ಯವಾಗಿ ಮೊದಲು ಈ ಬಾಗಿಲನ್ನು ದಾಟಬೇಕು. ಏನಾಗಿದೆ ಎಂದೇ ಗೊತ್ತಾಗದ ರೋಗಿ ಕೊನೆಗೆ ಬಂದು ನಿಲ್ಲುವುದು ಇವರ ಮುಂದೆ.

ಆಗಿನ ಅಮೆರಿಕದಲ್ಲಿ ಈ ವಿದ್ಯೆಯನ್ನು ಕಲಿಸುತ್ತಿದ್ದ ರೀತಿ ಕೇಳಿದರೆ ಆಶ್ಚರ್ಯವಾಗುತ್ತದೆ. ಅನೇಕ ವೈದ್ಯಕೀಯ ಕಾಲೇಜುಗಳು ಪಾಠ ಮಾಡುವವರೇ ಮಾಲೀಕರಾಗಿದ್ದ ವ್ಯಾಪಾರಗಳು. ಶುಲ್ಕ ಕಟ್ಟಿದವನಿಗೆ ಪ್ರವೇಶ. ನೂರಾರು ಮಂದಿ ದೊಡ್ಡ ಸಭಾಂಗಣದ ಬೆಂಚುಗಳಲ್ಲಿ ಕೂತು, ದೂರದಲ್ಲಿ ಪ್ರೊಫೆಸರು ಹೇಳಿದ್ದನ್ನು ಬರೆದುಕೊಳ್ಳುವುದು. ಒಬ್ಬ ರೋಗಿಯ ನಾಡಿಯನ್ನೂ ಮುಟ್ಟದೆ ಡಾಕ್ಟರ್ ಎಂಬ ಬೋರ್ಡು ತೂಗುಹಾಕಿದವರು ಎಷ್ಟೋ ಮಂದಿ.

ಹಾಪ್‌ಕಿನ್ಸ್‌ನಲ್ಲಿ ಹೊಸ ವೈದ್ಯಕೀಯ ಕಾಲೇಜು ತೆರೆಯಲು ಹಣ ಸಾಲದೆ ಬಂತು. ಆಗ ಮೇರಿ ಗ್ಯಾರೆಟ್ ಎಂಬ ಶ್ರೀಮಂತ ಮಹಿಳೆ ದೊಡ್ಡ ಮೊತ್ತ ಕೊಟ್ಟರು, ಗಟ್ಟಿ ಷರತ್ತುಗಳೊಂದಿಗೆ: ಹೆಣ್ಣುಮಕ್ಕಳಿಗೂ ಗಂಡುಮಕ್ಕಳಂತೆಯೇ ಪ್ರವೇಶ ಕೊಡಬೇಕು, ಮೊದಲೇ ಒಂದು ಪದವಿ ಪಡೆದವರನ್ನು ಮಾತ್ರ ಸೇರಿಸಿಕೊಳ್ಳಬೇಕು. ನಾವು ಪ್ರೊಫೆಸರುಗಳಾಗಿ ಒಳಗೆ ಬಂದದ್ದೇ ಪುಣ್ಯ, ವಿದ್ಯಾರ್ಥಿಗಳಾಗಿ ಬಂದಿದ್ದರೆ ನಮಗೆ ಸೀಟು ಸಿಗುತ್ತಿರಲಿಲ್ಲ ಎಂದು ಆಸ್ಲರ್ ಸಹೋದ್ಯೋಗಿ ವೆಲ್ಚ್ ಅವರೊಡನೆ ನಕ್ಕರಂತೆ. ಹೆಣ್ಣುಮಕ್ಕಳು ವೈದ್ಯರಾಗುವ ಬಗ್ಗೆ ಅವರಿಗೆ ಮೊದಲಿಗೆ ಅಂಥ ಉತ್ಸಾಹವೇನೂ ಇರಲಿಲ್ಲ ಎಂಬುದನ್ನೂ ಹೇಳಬೇಕು. 1893ರಲ್ಲಿ ಸೇರಿದ ಮೊದಲ ತಂಡದ 18 ಮಂದಿಯಲ್ಲಿ ಮೂವರು ಮಹಿಳೆಯರು.

ಈ ವಿದ್ಯಾರ್ಥಿಗಳನ್ನು ಆಸ್ಲರ್ ಸಭಾಂಗಣದಿಂದ ಎಬ್ಬಿಸಿ ವಾರ್ಡಿಗೆ ಕರೆದೊಯ್ದರು. ಮೂರನೇ ವರ್ಷದಲ್ಲಿ ಹೊರರೋಗಿಗಳ ವಿಭಾಗ. ನಾಲ್ಕನೇ ವರ್ಷದಲ್ಲಿ ಒಬ್ಬೊಬ್ಬರಿಗೆ ಕೆಲವು ಹಾಸಿಗೆಗಳ ಹೊಣೆ. ರೋಗಿ ಬಂದ ಕೂಡಲೇ ಪಕ್ಕದಲ್ಲಿ ಕೂತು ಅವನ ಕಥೆ ಕೇಳಿ ಬರೆಯಬೇಕು, ತಲೆಯಿಂದ ಕಾಲಿನವರೆಗೆ ಪರೀಕ್ಷಿಸಬೇಕು, ರಕ್ತ, ಮೂತ್ರ, ಕಫವನ್ನು ತಾನೇ ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಪ್ರೊಫೆಸರ್ ರೌಂಡ್ಸಿಗೆ ಬಂದಾಗ ಎಲ್ಲರೆದುರು ಒಪ್ಪಿಸಬೇಕು. ರೋಗಿ ಗುಣವಾಗಿ ಮನೆಗೆ ಹೋಗುವ ತನಕ, ಇಲ್ಲವೇ ಶವಪರೀಕ್ಷೆಯ ಮೇಜಿನ ತನಕ, ಆತ ಆ ವಿದ್ಯಾರ್ಥಿಯ ಜವಾಬ್ದಾರಿ. ವಾರಕ್ಕೊಮ್ಮೆ ದೊಡ್ಡ ಕೋಣೆಯಲ್ಲಿ ಸೇರಿದಾಗ ಕಪ್ಪುಹಲಗೆಯ ಮೇಲೆ ಆ ವರ್ಷದ ಟೈಫಾಯ್ಡ್ ಮತ್ತು ನ್ಯುಮೋನಿಯ ರೋಗಿಗಳ ಲೆಕ್ಕ: ಬಂದವರು ಎಷ್ಟು, ತೊಡಕು ಕಂಡವರು ಎಷ್ಟು, ಸತ್ತವರು ಎಷ್ಟು. ಮುಚ್ಚುಮರೆಯಿಲ್ಲ.

ಇದೆಲ್ಲ ಅವರೇ ಹುಟ್ಟಿಸಿದ್ದೆಂದು ಹೇಳಿದರೆ ತಪ್ಪಾಗುತ್ತದೆ. ಹಾಸಿಗೆಯ ಪಕ್ಕದ ಪಾಠ ಹಾಲೆಂಡಿನ ಲೈಡನ್‌ನಲ್ಲಿ ಬೂರ್‌ಹಾವೆ ಕಾಲದಿಂದಲೂ ಇತ್ತು. ಎಡಿನ್‌ಬರೊ, ಲಂಡನ್ ಆಸ್ಪತ್ರೆಗಳಲ್ಲಿ ವಿದ್ಯಾರ್ಥಿಗಳು ವಾರ್ಡಿನಲ್ಲಿ ಗುಮಾಸ್ತಿಕೆ ಮಾಡುತ್ತಿದ್ದರು. ಪದವಿಯ ನಂತರ ಆಸ್ಪತ್ರೆಯಲ್ಲೇ ವಾಸವಿದ್ದು ವರ್ಷಗಟ್ಟಲೆ ಕಲಿಯುವ ಪದ್ಧತಿ ಜರ್ಮನಿಯದು. ಈ ಎರಡನ್ನೂ ತಂದು ಒಂದೇ ಸೂರಿನಡಿ ಬೆಸೆದು, ನಿತ್ಯದ ಕ್ರಮವಾಗಿ ನಡೆಸಿ ತೋರಿಸಿದ್ದು ಆಸ್ಲರ್ ಮತ್ತವರ ಗೆಳೆಯರು. ಅಲ್ಲಿ ಕಲಿತವರು ಬೇರೆ ಕಾಲೇಜುಗಳಿಗೆ ಮೇಷ್ಟ್ರುಗಳಾಗಿ ಹೋದಂತೆ ಪದ್ಧತಿಯೂ ಜೊತೆಗೆ ಹೋಯಿತು.

ಪಾಠ ವಾರ್ಡಿಗೇ ಮುಗಿಯುತ್ತಿರಲಿಲ್ಲ. ಶನಿವಾರ ಸಂಜೆ ವಿದ್ಯಾರ್ಥಿಗಳು ಅವರ ಮನೆಗೆ ಬರುತ್ತಿದ್ದರು. ಊಟ, ಹರಟೆ, ವಾರದ ಕಷ್ಟದ ಕೇಸುಗಳು, ಆಮೇಲೆ ಹಳೆಯ ಪುಸ್ತಕಗಳು. ಪಕ್ಕದ ಮನೆಯಲ್ಲಿದ್ದ ಕಿರಿಯ ವೈದ್ಯರಿಗೆ ತಮ್ಮ ಮನೆಯ ಬೀಗದ ಕೈಯನ್ನೇ ಕೊಟ್ಟಿದ್ದರು, ಯಾವಾಗ ಬೇಕಾದರೂ ಬಂದು ಗ್ರಂಥಭಂಡಾರ ಬಳಸಲಿ ಎಂದು. ಬಡ ಕ್ಷಯರೋಗಿಗಳು ಆಸ್ಪತ್ರೆಯಿಂದ ಹೋದ ಮೇಲೆ ಏನಾಗುತ್ತಾರೆ ಎಂದು ತಿಳಿಯಲು ವಿದ್ಯಾರ್ಥಿನಿಯೊಬ್ಬಳನ್ನು ಅವರ ಮನೆಮನೆಗೆ ಕಳಿಸಿದರು. ಆಕೆ ಗಾಳಿ ಬೆಳಕಿಲ್ಲದ ಕಿಷ್ಕಿಂಧೆಗಳ ವಿವರ ತಂದಳು. ಬಾಲ್ಟಿಮೋರ್‌ಗೆ ಶುದ್ಧ ನೀರು, ಒಳಚರಂಡಿ ಬೇಕೆಂದು ಪ್ರೊಫೆಸರು ನಗರದ ದೊಡ್ಡವರ ಮುಂದೆ ಜಗಳವಾಡಿದರು.

ಔಷಧವಿಲ್ಲ ಎಂದು ಬರೆದ ಪುಸ್ತಕ

1892ರಲ್ಲಿ 'ದಿ ಪ್ರಿನ್ಸಿಪಲ್ಸ್ ಅಂಡ್ ಪ್ರಾಕ್ಟೀಸ್ ಆಫ್ ಮೆಡಿಸಿನ್' ಹೊರಬಂತು. ಸಾವಿರ ಪುಟಗಳ ಈ ಗ್ರಂಥವನ್ನು ಅರ್ಪಿಸಿದ್ದು ಮೂವರು ಗುರುಗಳಿಗೆ: ಜಾನ್ಸನ್, ಬೋವೆಲ್, ಹೋವರ್ಡ್. ಅದೇ ವರ್ಷ ಮೇ ತಿಂಗಳಲ್ಲಿ ಮದುವೆ. ವಧು ಗ್ರೇಸ್ ರಿವಿಯರ್ ಗ್ರಾಸ್, ಫಿಲಡೆಲ್ಫಿಯಾದ ಶಸ್ತ್ರವೈದ್ಯರೊಬ್ಬರ ವಿಧವೆ. ಪುಸ್ತಕ ಮುಗಿಯುವ ತನಕ ಮದುವೆಯ ಮಾತಿಲ್ಲ ಎಂದು ಆಕೆ ಹೇಳಿದ್ದರಂತೆ. ಅಚ್ಚಾಗಿ ಬಂದ ಮೊದಲ ಪ್ರತಿಯನ್ನು ಆಕೆಯ ಮಡಿಲಿಗೆ ಹಾಕಿ, ಪುಸ್ತಕವೇನೋ ಆಯಿತು, ಈ ಮನುಷ್ಯನನ್ನು ಏನು ಮಾಡುತ್ತೀ ಎಂದು ಕೇಳಿದರಂತೆ!

ಆ ಪುಸ್ತಕದ ವಿಶೇಷ ಅದರ ಪ್ರಾಮಾಣಿಕತೆ. ರೋಗಗಳ ವರ್ಣನೆ ಕಣ್ಣಿಗೆ ಕಟ್ಟಿದಂತೆ. ಚಿಕಿತ್ಸೆ ಎಂಬ ಭಾಗಕ್ಕೆ ಬಂದರೆ, ಈ ಕಾಯಿಲೆಗೆ ನಿಜವಾಗಿ ಕೆಲಸ ಮಾಡುವ ಔಷಧ ಸದ್ಯಕ್ಕಿಲ್ಲ ಎಂಬ ಅರ್ಥದ ಮಾತು ಮತ್ತೆ ಮತ್ತೆ. ಬಾಟಲಿಗಟ್ಟಲೆ ಕಷಾಯ, ಪುಡಿ ಕೊಟ್ಟು ಹಣ ಮಾಡುತ್ತಿದ್ದ ಕಾಲದಲ್ಲಿ ಹೀಗೆ ಬರೆಯಲು ಧೈರ್ಯ ಬೇಕು. ಇದನ್ನು ಸಿನಿಕತನ ಎಂದು ಬೈದವರೂ ಇದ್ದರು.

1897ರ ಬೇಸಿಗೆಯಲ್ಲಿ ಫ್ರೆಡರಿಕ್ ಗೇಟ್ಸ್ ಎಂಬಾತ ಈ ಪುಸ್ತಕವನ್ನು ಓದಿದ. ಆತ ವೈದ್ಯನಲ್ಲ. ಹಿಂದೆ ಪಾದ್ರಿಯಾಗಿದ್ದವನು, ಆಗ ಎಣ್ಣೆ ದೊರೆ ರಾಕ್‌ಫೆಲರ್‌ನ ದಾನಧರ್ಮಗಳ ಸಲಹೆಗಾರ. ಬರವಣಿಗೆಯ ಸೊಗಸಿಗೆ ಮರುಳಾಗಿ ಪುಟ ತಿರುವುತ್ತ ಹೋದವನಿಗೆ ವೈದ್ಯಶಾಸ್ತ್ರಕ್ಕೆ ಗುಣಪಡಿಸಲು ಗೊತ್ತಿರುವುದು ಎಷ್ಟು ಕಡಿಮೆ ಎಂಬುದು ಹೊಳೆದು ದಿಗಿಲಾಯಿತು. ಸಂಶೋಧನೆಗೆಂದೇ ಒಂದು ಸಂಸ್ಥೆ ಕಟ್ಟಿ ಎಂದು ಯಜಮಾನನಿಗೆ ಬರೆದ. 1901ರಲ್ಲಿ ರಾಕ್‌ಫೆಲರ್ ವೈದ್ಯಕೀಯ ಸಂಶೋಧನಾ ಸಂಸ್ಥೆ ಹುಟ್ಟಿತು. ಗೊತ್ತಿಲ್ಲ ಎಂಬ ಮಾತಿಗೆ ಇಷ್ಟು ದೊಡ್ಡ ಫಲ ಸಿಕ್ಕ ಉದಾಹರಣೆ ಅಪರೂಪ.

1904ರ ಹೊತ್ತಿಗೆ ಆಸ್ಲರ್ ಬಳಲಿದ್ದರು. ದೇಶದ ಮೂಲೆಮೂಲೆಯಿಂದ ಖಾಸಗಿ ರೋಗಿಗಳು. ರೈಲಿನಲ್ಲೇ ಅರ್ಧ ಜೀವನ. ಆಕ್ಸ್‌ಫರ್ಡ್ ವಿಶ್ವವಿದ್ಯಾಲಯದ ರೀಜಿಯಸ್ ಪ್ರೊಫೆಸರ್ ಹುದ್ದೆಯ ಕರೆ ಬಂದಾಗ, ತಡಮಾಡದೆ ಒಪ್ಪಿಕೊಳ್ಳಿ ಎಂದು ಹೆಂಡತಿ ತಂತಿ ಕಳಿಸಿದರು. ಹೊರಡುವ ಮುನ್ನ, 1905ರ ಫೆಬ್ರುವರಿ 22ರ ಬೀಳ್ಕೊಡುಗೆ ಭಾಷಣದಲ್ಲಿ ಎಡವಟ್ಟಾಯಿತು. ಲೋಕದ ಒಳ್ಳೆಯ ಕೆಲಸವೆಲ್ಲ ನಲವತ್ತರೊಳಗೆ ಆಗುತ್ತದೆ, ಅರವತ್ತು ದಾಟಿದವರಿಂದ ಪ್ರಯೋಜನವಿಲ್ಲ ಎಂದು ಹೇಳಿ, ಮುದುಕರಿಗೆ ಕ್ಲೋರೋಫಾರಂ ಕೊಡುವ ಪ್ರಸ್ತಾಪವಿರುವ ಟ್ರೊಲಪ್‌ನ ಕಾದಂಬರಿಯೊಂದನ್ನು ತಮಾಷೆಗೆ ಎಳೆದುತಂದರು. ಮರುದಿನ ಪತ್ರಿಕೆಗಳಲ್ಲಿ ತಮಾಷೆ ಮಾಯವಾಗಿ ಕ್ಲೋರೋಫಾರಂ ಮಾತ್ರ ಉಳಿದಿತ್ತು. ದೇಶದ ತುಂಬ ಗದ್ದಲ, ವ್ಯಂಗ್ಯಚಿತ್ರ, ಬೈಗುಳದ ಪತ್ರಗಳು. ಬೀಗದ ಕಿಂಡಿಯಲ್ಲಿ ಕೂಗಿದ ಹುಡುಗ ಐವತ್ತೈದನೇ ವಯಸ್ಸಿನಲ್ಲೂ ಅವರೊಳಗೆ ಇದ್ದನೆನ್ನಬೇಕು. ಸುಳ್ಳು ಹೆಸರಿನಲ್ಲಿ ವೈದ್ಯ ಪತ್ರಿಕೆಗಳಿಗೆ ಕಪೋಲಕಲ್ಪಿತ ಕಾಗದ ಬರೆದು ಸಂಪಾದಕರನ್ನು ಏಮಾರಿಸುವ ಚಟವೂ ಅವರಿಗಿತ್ತು. ಎಲ್ಲವೂ ನಗುವಂಥದ್ದಾಗಿರಲಿಲ್ಲ.

ಕೆಂಪು ನಿಲುವಂಗಿಯ ಡಾಕ್ಟರು

ಆಕ್ಸ್‌ಫರ್ಡಿನ ಅವರ ಮನೆಗೆ ವಿದ್ಯಾರ್ಥಿಗಳು ಇಟ್ಟ ಹೆಸರು 'ತೆರೆದ ತೋಳು'. ಬಂದವರಿಗೆಲ್ಲ ಊಟ, ಹಾಸಿಗೆ. 1911ರಲ್ಲಿ ಬ್ಯಾರೊನೆಟ್ ಪದವಿ ಬಂದು 'ಸರ್' ಆದರು.

ಆಗಿನ ಒಂದು ಘಟನೆ. ನಾಯಿಕೆಮ್ಮಿನಿಂದ ಬಸವಳಿದ ಪುಟ್ಟ ಹುಡುಗನೊಬ್ಬ ಅನ್ನ ನೀರು ಬಿಟ್ಟಿದ್ದ. ಪದವಿ ಪ್ರದಾನ ಸಮಾರಂಭಕ್ಕೆ ಹೊರಟಿದ್ದ ಆಸ್ಲರ್ ದಾರಿಯಲ್ಲಿ ಅವನನ್ನು ನೋಡಲು ಹೋದರು. ಮೈಮೇಲೆ ವಿಶ್ವವಿದ್ಯಾಲಯದ ಕೆಂಪು ನಿಲುವಂಗಿ. ಚುಟುಕಾಗಿ ಪರೀಕ್ಷಿಸಿದರು. ಆಮೇಲೆ ಕೂತು ಒಂದು ಪೀಚ್ ಹಣ್ಣಿನ ಸಿಪ್ಪೆ ಸುಲಿದು, ಹೋಳು ಮಾಡಿ, ಸಕ್ಕರೆ ಉದುರಿಸಿ, ಇದು ಮಾಮೂಲಿ ಹಣ್ಣಲ್ಲ ಎಂಬಂತೆ ಚೂರುಚೂರೇ ತಿನ್ನಿಸಿದರು. ಹೊರಗೆ ಬಂದು ತಂದೆಗೆ, ಆಸೆ ಕಡಿಮೆ ಎಂದು ನಿಜವನ್ನೇ ಹೇಳಿದರು. ಆದರೆ ಕೆಂಪಂಗಿಯ ಮಾಂತ್ರಿಕನನ್ನು ಮಗು ನಂಬಿದೆ ಎಂಬುದು ಅವರಿಗೆ ಕಂಡಿತ್ತು. ಮುಂದಿನ ನಲವತ್ತು ದಿನ ಅದೇ ನಿಲುವಂಗಿ ತೊಟ್ಟು ಬಂದು ತಾವೇ ಉಣ್ಣಿಸಿದರು. ಮಗು ಬದುಕಿತು.

ಅವರದೇ ಮಕ್ಕಳ ವಿಷಯದಲ್ಲಿ ದೈವ ಅಷ್ಟು ಉದಾರವಾಗಿರಲಿಲ್ಲ. 1893ರಲ್ಲಿ ಹುಟ್ಟಿದ ಮೊದಲ ಮಗು ಒಂದೇ ವಾರದಲ್ಲಿ ಹೋಯಿತು. 1895ರ ಡಿಸೆಂಬರಿನಲ್ಲಿ ಎರಡನೆಯವನು ಹುಟ್ಟಿದ: ಎಡ್ವರ್ಡ್ ರಿವಿಯರ್ ಆಸ್ಲರ್. ರಿವಿಯರ್ ಎಂದೇ ಕರೆಯುತ್ತಿದ್ದರು. ಲೋಕಪ್ರಸಿದ್ಧ ಪ್ರೊಫೆಸರರ ಈ ಒಬ್ಬನೇ ಮಗ ಶಾಲೆಯ ಪಾಠದಲ್ಲಿ ಹಿಂದೆ. ಗಣಿತವೂ ಲ್ಯಾಟಿನ್ನೂ ತಲೆಗೆ ಹತ್ತದು. ಹೊಳೆದಂಡೆಯಲ್ಲಿ ಗಾಳ ಹಾಕಿ ಕೂತರೆ ಹೊತ್ತು ಹೋದದ್ದು ಗೊತ್ತಿಲ್ಲ. ಮರಗೆಲಸ, ಚಿತ್ರ ಎಂದರೆ ಪ್ರಾಣ. ವೈದ್ಯನಾಗುವ ಇಚ್ಛೆ ಕಿಂಚಿತ್ತೂ ಇಲ್ಲ. ಹೊರಹಾಕಿಸಿಕೊಂಡ ತಮ್ಮ ದಿನಗಳನ್ನು ಆಸ್ಲರ್ ಮರೆತಿರಲಿಲ್ಲವೇನೋ, ತಮ್ಮ ತಂದೆ ತಮಗೆ ಅಡ್ಡ ಬರದಿದ್ದುದನ್ನೂ. ಮಗನನ್ನು ವೈದ್ಯಕೀಯಕ್ಕೆ ತಳ್ಳಲಿಲ್ಲ. ಅವನ ಜೊತೆ ಮೀನು ಹಿಡಿಯಲು ಹೋದರು. ಹದಿನೆಂಟರ ಆಸುಪಾಸಿನಲ್ಲಿ ಹುಡುಗನಿಗೆ ಹಳೆಯ ಇಂಗ್ಲಿಷ್ ಸಾಹಿತ್ಯದ ಪುಸ್ತಕಗಳ ರುಚಿ ಹತ್ತಿತು. ತಂದೆಗೆ ಆದ ಸಂತೋಷ ಅಷ್ಟಿಷ್ಟಲ್ಲ. ಇಬ್ಬರೂ ಸೇರಿ ಹಳೆಯ ಪುಸ್ತಕಗಳ ಬೇಟೆಗೆ ತೊಡಗಿದರು.

1914ರಲ್ಲಿ ಯುದ್ಧ ಬಂತು. ಗುಂಡಿಗಿಂತ ರೋಗಾಣು ಹೆಚ್ಚು ಸೈನಿಕರನ್ನು ಕೊಲ್ಲುತ್ತದೆ, ಟೈಫಾಯ್ಡ್ ಲಸಿಕೆ ಹಾಕಿಸಿಕೊಳ್ಳಿ ಎಂದು ಆಸ್ಲರ್ ಸೇನಾ ಶಿಬಿರಗಳಲ್ಲಿ ಹೇಳುತ್ತ ತಿರುಗಿದರು. ರಿವಿಯರ್ ಮೊದಲು ಮೆಕ್‌ಗಿಲ್‌ನವರ ಸೇನಾ ಆಸ್ಪತ್ರೆಯಲ್ಲಿ ಕೆಲಸ ಮಾಡಿದ. ಸುರಕ್ಷಿತ ಜಾಗ. ಗೆಳೆಯರು ಕಂದಕಗಳಲ್ಲಿರುವಾಗ ತಾನು ಹಿಂದೆ ಕೂರುವುದು ಅವನಿಗೆ ಒಗ್ಗಲಿಲ್ಲ; ಫಿರಂಗಿದಳಕ್ಕೆ ವರ್ಗ ಮಾಡಿಸಿಕೊಂಡ.

1917ರ ಆಗಸ್ಟ್ ಕೊನೆ. ಬೆಲ್ಜಿಯಂನ ಈಪ್ರ್ ಬಳಿ ಶೆಲ್ ಸಿಡಿದು ರಿವಿಯರ್‌ನ ಎದೆ, ಹೊಟ್ಟೆ, ತೊಡೆಗೆ ಚೂರುಗಳು ಹೊಕ್ಕವು. ಸುದ್ದಿ ತಿಳಿದು ಅಮೆರಿಕದ ಶಸ್ತ್ರವೈದ್ಯ ಹಾರ್ವೆ ಕುಶಿಂಗ್ ರಾತ್ರಿಯಲ್ಲೇ ಧಾವಿಸಿದರು. ಬಾಲ್ಟಿಮೋರ್‌ನಲ್ಲಿ ಆಸ್ಲರ್ ಮನೆಯ ಬೀಗದ ಕೈ ಪಡೆದಿದ್ದ ಕಿರಿಯ ವೈದ್ಯರಲ್ಲಿ ಒಬ್ಬರು ಅವರೇ. ನುರಿತ ಶಸ್ತ್ರವೈದ್ಯರು ಸೇರಿ ಶಸ್ತ್ರಕ್ರಿಯೆ ಮಾಡಿದರು. ಆಗಸ್ಟ್ 30ರ ಬೆಳಗಿನಲ್ಲಿ ಹುಡುಗ ತೀರಿಕೊಂಡ. ವಯಸ್ಸು ಇಪ್ಪತ್ತೊಂದು.

ತಂತಿ ಬಂದ ಮೇಲೂ ಆ ಮನೆಗೆ ಬರುವವರು ನಿಲ್ಲಲಿಲ್ಲ. ಯುದ್ಧಕ್ಕೆ ಬಂದ ಕೆನಡಾದ, ಅಮೆರಿಕದ ಹುಡುಗರಿಗೆ ಊಟ ಬಡಿಸುತ್ತ ಆಸ್ಲರ್ ಎಂದಿನಂತೆ ಹಾಸ್ಯ ಮಾಡುತ್ತಿದ್ದರು. ಕೋಣೆಯ ಬಾಗಿಲು ಹಾಕಿದ ಮೇಲೆ ಕೇಳುತ್ತಿದ್ದ ಅಳು ಮನೆಯವರಿಗೆ ಮಾತ್ರ ಗೊತ್ತಿತ್ತು. ಚಿತ್ತಸ್ಥೈರ್ಯವೇ ವೈದ್ಯನ ಮುಖ್ಯ ಗುಣ ಎಂದು 1889ರಲ್ಲಿ ಫಿಲಡೆಲ್ಫಿಯಾದ ವಿದ್ಯಾರ್ಥಿಗಳಿಗೆ ಉಪದೇಶಿಸಿದವರು ಅವರು. ಮಗ ಕೂಡಿಟ್ಟಿದ್ದ ಪುಸ್ತಕಗಳನ್ನು ಗಂಡಹೆಂಡತಿ ಹಾಪ್‌ಕಿನ್ಸ್‌ಗೆ ಕೊಟ್ಟು, ಅವನ ನೆನಪಿಗೆ ವಿದ್ಯಾರ್ಥಿಗಳ ಸಾಹಿತ್ಯ ಕೂಟವೊಂದಕ್ಕೆ ನೆಲೆ ಮಾಡಿಕೊಟ್ಟರು.

1919ರ ಚಳಿಗಾಲ ಆಸ್ಲರ್‌ಗೆ ಶ್ವಾಸಕೋಶದ ಸೋಂಕು ತಗುಲಿತು. ಹಾಸಿಗೆಯಲ್ಲಿ ಮಲಗಿ ತಮ್ಮ ಕಾಯಿಲೆಯ ಹಾದಿಯನ್ನು ತಾವೇ ಗುರುತು ಹಾಕಿಕೊಳ್ಳುತ್ತಿದ್ದರು. ಎರಡು ತಿಂಗಳಿನಿಂದ ಈ ಕೇಸನ್ನು ನೋಡುತ್ತಿದ್ದೇನೆ, ಇದರ ಶವಪರೀಕ್ಷೆ ನೋಡಲಾಗುವುದಿಲ್ಲವಲ್ಲ ಎಂದು ಅವರು ಬೇಸರಪಟ್ಟದ್ದುಂಟು! ಡಿಸೆಂಬರ್ 29ರಂದು ಕೊನೆಯುಸಿರೆಳೆದರು. ಎಪ್ಪತ್ತು ವರ್ಷವಾಗಿತ್ತು. ಶವಪರೀಕ್ಷೆ ಅವರಿಷ್ಟದಂತೆಯೇ ನಡೆಯಿತು. ಕುಶಿಂಗ್ ಗುರುವಿನ ಜೀವನಚರಿತ್ರೆ ಬರೆದರು. ಅದಕ್ಕೆ 1926ರ ಪುಲಿಟ್ಜರ್ ಪ್ರಶಸ್ತಿ ಬಂತು. ಸಮಾಧಿಯ ಮೇಲೆ ಏನಾದರೂ ಬರೆಯುವುದಿದ್ದರೆ, ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಪಾಠ ಹೇಳಿದವನು ಎಂದಷ್ಟು ಸಾಕು ಎಂದು ಆಸ್ಲರ್ ಹಿಂದೆಯೇ ಹೇಳಿದ್ದರು.

ಕ್ರೈಸ್ಟ್ ಚರ್ಚಿನಲ್ಲಿ ಶವಪೆಟ್ಟಿಗೆಯ ಮೇಲೆ ಒಂದು ಪುಸ್ತಕ ಇಟ್ಟಿದ್ದರು. 1867ರಲ್ಲಿ ಆ ಹುಡುಗ ಕೊಂಡಿದ್ದ 'ರಿಲಿಜಿಯೊ ಮೆಡಿಸಿ'. ಅವರು ಜೀವಮಾನವಿಡೀ ಕೂಡಿಟ್ಟ ಸುಮಾರು ಎಂಟು ಸಾವಿರ ಗ್ರಂಥಗಳು ಅವರ ಇಚ್ಛೆಯಂತೆ ಮೆಕ್‌ಗಿಲ್‌ಗೆ ಹೋದವು. 1929ರಲ್ಲಿ ಅಲ್ಲಿ ಆಸ್ಲರ್ ಗ್ರಂಥಾಲಯ ತೆರೆಯಿತು. ಅವರ ಚಿತಾಭಸ್ಮವೂ ಅಲ್ಲಿಯೇ, ಪುಸ್ತಕದ ಕಪಾಟುಗಳ ನಡುವೆ ಇದೆ.